ಹರಾಜಿಗೆ ಹೋಗುವ ಮುನ್ನ ಆ ಟ್ರಂಕು ಒಂದು ವಾರ ನಿಮ್ಮಲ್ಲಿರಲಿ

ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯ ನಿರ್ದೇಶಕರಿಗೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ, ಮತ್ತು ಮಾಳಿಗೆ ಮನೆಯ ಮೂಲೆಯಲ್ಲಿ ಹಳೆ ಟ್ರಂಕು ಇಟ್ಟುಕೊಂಡಿರುವ ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳ ನನ್ನ ಬಂಧುಗಳಿಗೆ

ಮಾನ್ಯರೇ,

ಉಭಯ ಕುಶಲೋಪರಿ.

ನಮ್ಮಜ್ಜನ ಪತ್ರಗಳು ಹೀಗೇ ಶುರುವಾಗುತ್ತಿದ್ದವಂತೆ. ‘ಅಂತೆ’ ಎನ್ನಬೇಕಾಗಿದೆ, ಯಾಕೆಂದರೆ ಅಜ್ಜ ಬರೆದ ಒಂದೇ ಒಂದು ಪತ್ರವೂ ಈಗ ನನ್ನ ಹತ್ತಿರ ಇಲ್ಲ. ಇರುವುದು ಒಂದು ಖಾಲಿ ಲಕೋಟೆ. ಹೋದ ಮಳೆಗಾಲದಲ್ಲಿ ಅದನ್ನು ಹರಾಜಿನಲ್ಲಿ 3,800 ರೂಪಾಯಿ ಕೊಟ್ಟು ತಗೊಂಡೆ. ಅದೇ ಲಕೋಟೆಯನ್ನು ಏಳು ವರ್ಷದ ಹಿಂದೆ ಕಿಲೋಕ್ಕೆ 12 ರೂಪಾಯಿಯಂತೆ ರದ್ದಿಗೆ ಹಾಕಿದವನೂ ನಾನೇ.

ಆಳಂದ ತಾಲ್ಲೂಕಿನ ನಮ್ಮೂರಲ್ಲಿ ಅಜ್ಜನ ಮನೆಯ ಹಿಂದಿನ ಗೋಡೆ ಆ ವರ್ಷದ ಮಳೆಗೆ ಕುಸಿಯಿತು. ಕಾಕಾನ ಮಕ್ಕಳು, ನಾವು ಎಲ್ಲ ಕೂಡಿ ಮನೆ ಕೆಡವಿ ಜಾಗ ಪಾಲು ಮಾಡಿಕೊಳ್ಳುವುದೆಂದು ಠರಾಯಿಸಿದೆವು. ತೊಲೆ ಒಬ್ಬನಿಗೆ, ಬಾಗಿಲು ಚೌಕಟ್ಟು ಒಬ್ಬನಿಗೆ, ಶಹಾಬಾದ ಕಲ್ಲಿನ ಹಾಸು ಒಬ್ಬನಿಗೆ. ಕಾಗದ ಯಾರಿಗೂ ಬೇಡವಾಗಿತ್ತು. ಎರಡು ಟ್ರಂಕಿನ ತುಂಬ ಅದೇ ಇತ್ತು. ಕಿರ್ದಿ ಪುಸ್ತಕ, ಕೆಂಪು ಬಟ್ಟೆಯ ದಫ್ತರದಲ್ಲಿ ಕಟ್ಟಿಟ್ಟ ಉರ್ದು ಕಾಗದ, ಮರಾಠಿಯ ಹಳೆ ಓಟದ ಲಿಪಿಯಾದ ಮೋಡಿಯಲ್ಲಿ ಬರೆದ ರೊಕ್ಕದ ಚೀಟಿ, ಉದ್ದ ತಂತಿಗೆ ಒಂದರ ಮೇಲೊಂದು ಚುಚ್ಚಿಟ್ಟ ಕಾರ್ಡು, ಲಕೋಟೆ. ಮೇಲಿನವು ಗೆದ್ದಲು ಹಿಡಿದು ಜಾಳಿಗೆ ಆಗಿದ್ದವು, ಕೆಳಗಿನವು ಚೆನ್ನಾಗಿದ್ದವು.

“ಇವೆಲ್ಲಾ ಹಳಿ ಕಾಗದ ಇಟ್ಕೊಂಡು ಏನ್ ಮಾಡಾದದ?” ಅಂದ ಕಾಕಾನ ಮಗ. ಹೊಲದ ಕಾಗದ ಎಷ್ಟು ಬೇಕೋ ಅಷ್ಟು ಆರಿಸಿಕೊಂಡಾಗಿತ್ತು. ನಮ್ಮ ಕಡೆಯವರಿಗೆ ಓದು, ನೌಕರಿಯಲ್ಲಿ ಮೀಸಲು ಕೊಡುವ 371(ಜೆ) ವಿಧಿಯ ಪ್ರಮಾಣಪತ್ರಕ್ಕೆ ಬೇಕಾಗುವ ಅಪ್ಪನ ಶಾಲೆಯ ದಾಖಲೆ ಯಾವಾಗಲೋ ತೆಗೆದಿಟ್ಟಾಗಿತ್ತು. (2013ರ ನಂತರ ನಮ್ಮ ಕಡೆ ಹಳೆ ಕಾಗದಕ್ಕೆ ಒಂಚೂರು ಮರ್ಯಾದೆ ಬಂತು ಅನ್ನುವುದು ನಿಜ. ಆದರೆ ತಹಶೀಲ್ದಾರರ ಸಹಿ ಬಿದ್ದ ಮರುದಿನವೇ ಅದು ಇಳಿದುಹೋಯಿತು.) ಉಳಿದದ್ದನ್ನು ತಕ್ಕಡಿಗೆ ಹಾಕಿದರು. 27 ಕಿಲೋ, 324 ರೂಪಾಯಿ. ಕೆಡವುವ ಆಳುಗಳ ಚಹಾಕ್ಕೆ ಆಯಿತು. ಹಿತ್ತಾಳೆ ಮೂಲೆಯ ಖಾಲಿ ಟ್ರಂಕುಗಳಿಗೆ ತಲಾ 900 ಬಂತು.

ನಾನು ಅಂಚೆ ಇಲಾಖೆಯಲ್ಲಿ 32 ವರ್ಷ ಟಪಾಲು ವಿಂಗಡಿಸಿದವನು. ರಾತ್ರಿ ಪಾಳಿಯಲ್ಲಿ, ಓಡುವ ರೈಲಿನ ಡಬ್ಬಿಯಲ್ಲಿ, ವಾಡಿ ಜಂಕ್ಷನ್ನಿನ ಬಿಸಿಲಿನಲ್ಲಿ. ವಿಳಾಸ ಅರ್ಧ ಅಳಿಸಿಹೋದ ಕಾರ್ಡನ್ನು ದೀಪಕ್ಕೆ ಹಿಡಿದು, ಹಳ್ಳಿಯ ಹೆಸರು ಊಹಿಸಿ, ಅದು ಸರಿಯಾದ ಖಾನೆಗೇ ಬೀಳುವಂತೆ ನೋಡಿಕೊಂಡವನು. ಹೆರವರ ಮನೆಯ ಕಾಗದಕ್ಕೆ ಅಷ್ಟು ಕಾಳಜಿ ಮಾಡಿದವನು ನಮ್ಮ ಮನೆಯದು ತಕ್ಕಡಿ ಏರುವಾಗ ಚಹಾ ಕುಡಿಯುತ್ತ ನಿಂತಿದ್ದೆ. ಈ ಪತ್ರವನ್ನು ಯಾರ ಮೇಲಿನ ದೂರು ಎಂದೂ ಓದಬೇಡಿ. ದೂರು ಕೊಡುವುದಾದರೆ ಮೊದಲ ಆರೋಪಿ ನಾನು.

ಹೋದ ವರ್ಷ ನನ್ನ ತಂಗಿಯ ಮಗ, ಅಂಚೆಚೀಟಿ ಸಂಗ್ರಹದ ಹುಚ್ಚಿನವನು, ಫೋನು ಹಿಡಿದುಕೊಂಡು ಬಂದ. “ಮಾಮಾ, ಇದು ನಮ್ಮ ಮುತ್ಯಾನ ಹೆಸರಲ್ಲ?” ಯಾವುದೋ ಊರಿನ ಆನ್‌ಲೈನ್ ಹರಾಜು. ಲಾಟ್ ನಂಬರ್ ಹಚ್ಚಿದ ಫೋಟೋದಲ್ಲಿ ಮಸುಕು ಹಳದಿ ಲಕೋಟೆ, ಚಾರ್‌ಮಿನಾರ್ ಚಿತ್ರದ ನಿಜಾಮಶಾಹಿ ಒಂದು ಆಣೆಯ ಚೀಟಿ, ಮೇಲೆ ಗುಲ್ಬರ್ಗಾ ಮುದ್ರೆ. ವಿಳಾಸ ಕನ್ನಡದಲ್ಲಿ. ಆ ‘ಳ’ ಅಕ್ಷರದ ಬಾಲ ನಮ್ಮಪ್ಪನ ಬರವಣಿಗೆಯಲ್ಲೂ ಹಾಗೇ ಇತ್ತು. ಅಜ್ಜ ಗಂಜಿನ, ಅಂದರೆ ಧಾನ್ಯ ಪೇಟೆಯ, ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮ, ಅಜ್ಜಿ ಊರಲ್ಲಿ. ಲೆಕ್ಕಕ್ಕೆ ಮೋಡಿ, ಸರಕಾರಕ್ಕೆ ಉರ್ದು, ಮನೆಗೆ ಕನ್ನಡ. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಓದುಬರಹ ಬಲ್ಲ ಎಷ್ಟೋ ಜನರ ಬದುಕು ಹೀಗೆ ಮೂರು ಲಿಪಿಯಲ್ಲಿ ನಡೆಯುತ್ತಿತ್ತು.

ಏಳು ಲಾಟು ಇದ್ದವು, ಏಳೂ ನಮ್ಮ ಮನೆಯವೇ. ಗಂಜಿನ ತೊಗರಿ ಸವಾಲು ಕೇಳುತ್ತ ಬೆಳೆದವನು ನಾನು, ಆದರೆ ಫೋನಿನಲ್ಲಿ ಕೂಗುವ ಸವಾಲು ಗೊತ್ತಿಲ್ಲ. ಯಾರು ಎದುರಿಗಿದ್ದಾರೆ ಕಾಣುವುದಿಲ್ಲ, ಅಂಕಿ ಮಾತ್ರ ಏರುತ್ತದೆ. ನನ್ನ ಪಿಂಚಣಿಯ ಲೆಕ್ಕದಲ್ಲಿ ಒಂದನ್ನು ಹಿಡಿದೆ. ಆರು ಹೋದವು, ಎಲ್ಲಿಗೆಂದು ತಿಳಿಯದು.

ಹತ್ತು ದಿನಕ್ಕೆ ರಿಜಿಸ್ಟರ್ ಟಪಾಲಿನಲ್ಲೇ ಲಕೋಟೆ ಬಂತು. ಒಳಗೆ ಏನೂ ಇರಲಿಲ್ಲ. ಮಾರಿದವರಿಗೆ ಫೋನು ಹಚ್ಚಿ ಕೇಳಿದೆ. ಬಹಳ ಸಮಾಧಾನದಿಂದ ಮಾತಾಡಿದರು. “ಸರ್, ನಮ್ಮದು ಕವರಿನ ವ್ಯವಹಾರ. ಒಳಗಿನ ಕಾಗದ ಯಾರೂ ಕೇಳೋದಿಲ್ಲ. ಕವರು ಉಬ್ಬಿದ್ರೆ ಪ್ಲಾಸ್ಟಿಕ್ ಹಾಳೆಯಲ್ಲಿ ಕೂಡೋದಿಲ್ಲ ಅಂತ ತೆಗೆದಿರ್ತಾರೆ.” ಸಿಟ್ಟು ಬರಲಿಲ್ಲ, ಆ ಮಾತು ಸುಳ್ಳಲ್ಲ. 1869ರಲ್ಲಿ ನಿಜಾಮ ಸರಕಾರ ತನ್ನ ಮೊದಲ ಅಂಚೆಚೀಟಿ ತಂದಿತು, 1950ರ ಏಪ್ರಿಲ್ 1ಕ್ಕೆ ಅದರ ಅಂಚೆ ಭಾರತದ ಅಂಚೆಯಲ್ಲಿ ಕೂಡಿಕೊಂಡಿತು. ಆ ಎಂಬತ್ತು ವರ್ಷದ ಚೀಟಿ, ಮುದ್ರೆಗಳಿಗೆ ದೇಶ ವಿದೇಶದಲ್ಲಿ ಕೊಳ್ಳುವವರಿದ್ದಾರೆ. ಅವರಿಗೆ ಬೇಕಾದದ್ದು ಯಾವ ಊರಿನ ಮುದ್ರೆ, ಎಷ್ಟು ಸ್ಪಷ್ಟ, ಚೀಟಿಯ ಹಲ್ಲು ಮುರಿದಿದೆಯೋ ಇಲ್ಲವೋ. ‘ಹ್ವಾದ ಸೋಮವಾರ ಎಮ್ಮೆ ಈದೈತೇನು’ ಎಂದು ಅಜ್ಜ ಕೇಳಿದ್ದರೆ ಅದು ಅವರಿಗೇಕೆ ಬೇಕು?

ಲಕೋಟೆಯ ಹಿಂಬದಿಗೆ ಅಜ್ಜಿಯೋ, ಅಜ್ಜಿ ಹೇಳಿ ಯಾರೋ ಹುಡುಗರೋ ಪೆನ್ಸಿಲಿನಿಂದ ಗೀಚಿದ ಸಾಲು ಒಂದಿದೆ: ‘ಎಣ್ಣಿ, ಬೆಲ್ಲ, ದಾರ, ಸುಣ್ಣ’. ಸಂತೆಯ ಯಾದಿ. 3,800 ರೂಪಾಯಿಗೆ ನನಗೆ ಸಿಕ್ಕ ಓದು ಅಷ್ಟು.

ಈ ವ್ಯಾಪಾರದ ಇನ್ನೊಂದು ಮುಖ ನನಗೆ ನಿಧಾನಕ್ಕೆ ಹೊಳೆಯಿತು. ಅದನ್ನು ಹೇಳಲಿಕ್ಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

1948ರ ಬೇಸಿಗೆಯಲ್ಲಿ, ನಿಜಾಮನ ಪರವಾಗಿ ನಿಂತ ರಜಾಕಾರ ಪಡೆಯವರ ಹೆದರಿಕೆಗೆ ಅಜ್ಜ ಮನೆಮಂದಿಯನ್ನು ಗಡಿ ದಾಟಿಸಿ ಅಕ್ಕಲಕೋಟೆಯ ಕಡೆ ಕಳಿಸಿ, ತಾನು ಊರಲ್ಲಿ ಉಳಿದ. ಅದೇ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯಾಕಾಂಡವನ್ನು ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ಸೆಪ್ಟೆಂಬರ್ 17ರವರೆಗೆ ಅಜ್ಜ–ಅಜ್ಜಿಯ ನಡುವೆ ಓಡಾಡಿದ್ದು ಟಪಾಲಲ್ಲ, ಕೈಚೀಟಿ. “ರೊಟ್ಟಿ ಗಂಟಿನಾಗ ಬರ್ತಿತ್ತು, ಒಮ್ಮೊಮ್ಮೆ ರುಮಾಲಿನ ಮಡಿಕ್ಯಾಗ” ಎಂದು ಅವ್ವ ಹೇಳುತ್ತಿದ್ದಳು. ಅವನ್ನೂ ಅಜ್ಜಿ ಅದೇ ತಂತಿಗೆ ಚುಚ್ಚಿಟ್ಟಿದ್ದಳು. ಬೀಡಿ ಕಾಗದದಷ್ಟು ಸಣ್ಣವು. ನಾನು ಹುಡುಗನಾಗಿದ್ದಾಗ ನೋಡಿದ ನೆನಪಿದೆ, ಓದಿದ ನೆನಪಿಲ್ಲ.

ಕೈಚೀಟಿಗೆ ಅಂಚೆಚೀಟಿ ಇರುವುದಿಲ್ಲ, ಮುದ್ರೆ ಇರುವುದಿಲ್ಲ. ಹಾಗಾಗಿ ಹರಾಜಿನವರಿಗೆ ಅದು ಬೇಡ. ಏಳು ಲಾಟಿನಲ್ಲಿ ಒಂದರಲ್ಲೂ ಅದು ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಒಂದು ಆಣೆಯ ಚಾರ್‌ಮಿನಾರ್ ಉಳಿಯಿತು, ಗಡಿ ದಾಟಿದ ಕೈಚೀಟಿ ರಟ್ಟಿನ ಕಾರ್ಖಾನೆಗೆ ಹೋಗಿ ತಿರುಳಾಯಿತು. ಮಾರುಕಟ್ಟೆ ಹಳೆ ಕಾಗದವನ್ನು ಉಳಿಸುತ್ತದೆ ಎಂದು ವಾದಿಸುವವರಿದ್ದಾರೆ. ಉಳಿಸುತ್ತದೆ, ನಿಜ. ಆದರೆ ಅದು ಜರಡಿ ಹಿಡಿದು ಉಳಿಸುತ್ತದೆ, ಆ ಜರಡಿಯಲ್ಲಿ ನಮ್ಮ ಕಾಳು ಕೆಳಗೆ ಬೀಳುತ್ತದೆ.

ಇದು ಒಂದು ಮನೆಯ ಮಾತಲ್ಲ. ಆ ವರ್ಷದ ಕಥೆ ನಮ್ಮ ಮೂರು ಜಿಲ್ಲೆಗಳಲ್ಲಿ ಇಂದಿಗೂ ಅರ್ಧ ಬಾಯಿಮಾತಿನಲ್ಲಿ, ಅರ್ಧ ಮೌನದಲ್ಲಿ ಇದೆ. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಯ ನಂತರ, ಮುಸ್ಲಿಮರ ಮೇಲಾದ ಹಿಂಸೆಯನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿ ಹೆಚ್ಚು ನೊಂದ ಜಿಲ್ಲೆಗಳೆಂದು ನಾಲ್ಕನ್ನು ಹೆಸರಿಸಿತು. ಅದರಲ್ಲಿ ಗುಲ್ಬರ್ಗಾ ಒಂದು, ಬೀದರ ಇನ್ನೊಂದು. ಆ ವರದಿಯೇ ದಶಕಗಟ್ಟಲೆ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ. ಸೆಪ್ಟೆಂಬರಿನ ಮೊದಲು ಓಡಿದವರ ಪತ್ರ ನಮ್ಮಂಥವರ ಟ್ರಂಕಿನಲ್ಲಿದ್ದರೆ, ಸೆಪ್ಟೆಂಬರಿನ ನಂತರ ಮನೆ ಬಿಟ್ಟವರ ಪತ್ರ ಕಲಬುರಗಿಯ ಮೋಮಿನಪುರದ, ಬೀದರದ ಹಳೆ ಓಣಿಗಳ ಟ್ರಂಕಿನಲ್ಲಿವೆ. ಕರಾಚಿಗೆ ಹೋದ ತಮ್ಮ, ಇಲ್ಲಿ ಉಳಿದ ಅಕ್ಕ. ನನ್ನ ಕೈಯಲ್ಲೇ ಅಂಥ ಪತ್ರಗಳು ಹಾದುಹೋಗಿವೆ. 1971ರ ಯುದ್ಧಕ್ಕೆ ಆ ಕಡೆಯ ಟಪಾಲು ನಿಂತಾಗ ದಿನಾ ಅಂಚೆ ಕಚೇರಿ ಬಾಗಿಲಿಗೆ ಬಂದು ಕೇಳುತ್ತಿದ್ದ ಮುದುಕಿಯೊಬ್ಬಳ ಕಥೆಯನ್ನು ಹಿರಿಯ ಪೋಸ್ಟ್‌ಮನ್ ಒಬ್ಬರು ನನಗೆ ಹೇಳಿದ್ದರು. ಆ ಮನೆಗಳೂ ಈಗ ಕಾಂಪ್ಲೆಕ್ಸ್ ಆಗುತ್ತಿವೆ. ಆ ಟ್ರಂಕೂ ಅದೇ ತಕ್ಕಡಿಗೆ ಏರುತ್ತದೆ. ಎರಡೂ ಕಡೆಯ ಕಾಗದ ಒಂದೇ ಮೇಜಿನ ಮೇಲೆ ಕೂಡುವ ದಿನ ಬಂದೀತೇ ಎಂದು ನಾನು ಕೇಳುವುದಿಲ್ಲ, ಕೂಡಲಿಕ್ಕೆ ಕಾಗದವಾದರೂ ಇರಲಿ ಎನ್ನುತ್ತೇನೆ.

ಯಾರ ಪತ್ರ ಉಳಿಯುತ್ತದೋ ಕಥೆ ಅವರದಾಗುತ್ತದೆ. ಸುರಪುರವನ್ನೇ ನೋಡಿ. ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ 1840ರ ದಶಕದಿಂದ ಅಲ್ಲಿ ಆಡಳಿತ ನೋಡಿಕೊಂಡ, ಗುಡ್ಡದ ಮೇಲೆ ಬಂಗಲೆ ಕಟ್ಟಿಸಿದ, ಬರೆದಿಟ್ಟ. ಅವನ ಆತ್ಮಕಥೆ 1877ರಲ್ಲಿ ಅಚ್ಚಾಯಿತು, ಇಂದಿಗೂ ಸಿಗುತ್ತದೆ. 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಅಲ್ಲಿನ ರಾಜಾ ವೆಂಕಟಪ್ಪ ನಾಯಕ ತನ್ನನ್ನು ‘ಅಪ್ಪಾ’ ಎನ್ನುತ್ತಿದ್ದ ಎಂದು ಟೇಲರನೇ ಬರೆದಿದ್ದಾನೆ. ಆ ಹುಡುಗ ಏನೆನ್ನುತ್ತಿದ್ದ ಎಂಬುದನ್ನು ಆ ಹುಡುಗನ ಕೈಬರಹದಿಂದ ತಿಳಿಯುವ ಭಾಗ್ಯ ನಮಗೆ ಬಹಳ ಕಡಿಮೆ. ಟೇಲರ್ ಕೆಟ್ಟವನೆಂದು ಹೇಳುತ್ತಿಲ್ಲ. ಅವನ ಕಾಗದ ಜೋಪಾನವಾಗಿತ್ತು, ಅಷ್ಟೇ.

ಇನ್ನು ಹರಾಜಿನ ಆ ಏಳರಲ್ಲಿ ಒಂದರ ಬಗ್ಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅದು ಇನ್‌ಲ್ಯಾಂಡ್ ಪತ್ರ. ಇನ್‌ಲ್ಯಾಂಡಿನಲ್ಲಿ ಕವರೂ ಕಾಗದವೂ ಒಂದೇ, ಬೇರ್ಪಡಿಸಲಾಗದು. ಹಾಗಾಗಿ ಅದನ್ನು ಬಿಚ್ಚಿ, ಒಳಗಿನ ಬರಹ ಕಾಣುವಂತೆ ಫೋಟೋ ಹಿಡಿದು ಹಾಕಿದ್ದರು. ಬರೆದವಳು ನನ್ನ ಸೋದರತ್ತೆ, ಗಂಡನ ಮನೆಯಿಂದ, ತವರಿಗೆ. ಏನು ಬರೆದಿದ್ದಳು ಎಂದು ಇಲ್ಲಿ ಹೇಳುವುದಿಲ್ಲ. ಅಪ್ಪ ಸಾಯುವತನಕ ಯಾರ ಮುಂದೆಯೂ ಆಡದ ಮಾತು ಅದು. ಕನ್ನಡ ಓದಲು ಬರುವ ಯಾರಾದರೂ ಹದಿನೈದು ದಿನ ಅದನ್ನು ಬೆರಳಿನಿಂದ ಹಿಗ್ಗಿಸಿ ಓದಬಹುದಿತ್ತು. ಕೊನೆಗೆ 2,100ಕ್ಕೆ ಹೋಯಿತು.

ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಇಲ್ಲಿದೆ. ಕಾಗದ ಕೊಂಡವನು ಕಾಗದದ ಒಡೆಯ, ಅದರ ಮೇಲಿನ ಮಾತಿನ ಒಡೆಯನಲ್ಲ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಪತ್ರದ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಬರೆದವರು ಇರುವಾಗ ಪ್ರಕಟವಾಗದ ಬರಹಕ್ಕೆ, ಅದು ಮೊದಲು ಪ್ರಕಟವಾದ ಮರುವರ್ಷದಿಂದ 60 ವರ್ಷ ಆ ಹಕ್ಕು ನಡೆಯುತ್ತದೆ. ಅಂದರೆ ನಮ್ಮತ್ತೆಯ ಮಾತು ಇನ್ನೂ ನಮ್ಮದೇ. ಕಾನೂನು ಹೀಗಿದ್ದು ಏನು ಬಂತು? 2,100 ರೂಪಾಯಿಯ ಲಾಟಿಗೆ ಯಾರು ವಕೀಲರನ್ನು ಹಿಡಿಯುತ್ತಾರೆ?

ಪತ್ರದ ವಿಷಯದಲ್ಲಿ ಬೀದರಿನವರಿಗೆ ನಮಗಿಂತ ಹಳೆಯ ಗಾಯವಿದೆ. 1472ರಲ್ಲಿ ಆ ದೊಡ್ಡ ಮದರಸಾ ಕಟ್ಟಿಸಿದ ಬಹಮನಿ ವಜೀರ ಮಹಮೂದ್ ಗಾವಾನ್ ಸ್ವತಃ ಪತ್ರ ಬರೆಯುವುದರಲ್ಲಿ ಪಂಡಿತ. ಅವನು ದೇಶ ವಿದೇಶದ ದೊರೆಗಳಿಗೆ, ವಿದ್ವಾಂಸರಿಗೆ ಬರೆದ ಫಾರಸಿ ಪತ್ರಗಳ ಸಂಕಲನ ಇಂದಿಗೂ ಇದೆ. ಅಂಥವನನ್ನು ಕೊಂದದ್ದೂ ಒಂದು ಪತ್ರವೇ. ಹಗೆಗಳು ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂದು ಬರೆದಂತೆ ಸೃಷ್ಟಿಸಿದರು. ಸುಲ್ತಾನ ನಂಬಿದ. 1481ರ ಏಪ್ರಿಲಿನಲ್ಲಿ ತಲೆ ಉರುಳಿತು. ಆ ಕಾಗದ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಒಂದು ಗಳಿಗೆ ಕೇಳಿದ್ದರೆ ಸಾಕಿತ್ತು. ತಮಾಷೆ ನೋಡಿ, ಅದೇ ಮದರಸಾದ ಚಿತ್ರ 1931ರ ನಿಜಾಮ ಸರಕಾರದ 12 ಆಣೆಯ ಅಂಚೆಚೀಟಿಯ ಮೇಲಿದೆ. ಹರಾಜುಗಳಲ್ಲಿ ಈಗ ಆ ಚೀಟಿಯೂ ಲಾಟು.

ಕೈಯಿಂದ ಕೈಗೆ ಬಂದ ಜಾಡು ಅಳಿಸಿದರೆ ಕಾಗದ ಸುಳ್ಳು ಹೇಳಲು ಶುರುಮಾಡುತ್ತದೆ. ಯಾರೂ ಮೋಸ ಮಾಡಬೇಕಿಲ್ಲ, ತಿಳಿಯದಿದ್ದರೂ ಸಾಕು. ನಮ್ಮ ಏಳರಲ್ಲೊಂದು ಲಾಟಿನಲ್ಲಿ ಅಡತಿಯ ಚೀಟಿ ಇತ್ತು, ಮೇಲೆ 1352 ಎಂದು ಇಸವಿ. ಹರಾಜಿನವರು ಅದನ್ನು ಹಿಜರಿ ಎಂದು ಹಿಡಿದು ‘1933’ ಎಂದು ಬರೆದಿದ್ದರು. ಅಡತಿ ಲೆಕ್ಕ ನಡೆಯುತ್ತಿದ್ದುದು ಫಸಲಿಯಲ್ಲಿ, ಅಂದರೆ ಕಂದಾಯದ ವರ್ಷದಲ್ಲಿ. ಫಸಲಿಗೆ 590 ಕೂಡಿಸಬೇಕು: 1942–43. ಒಂದು ಅಂಕಿಯ ತಿಳಿವಳಿಕೆ ತಪ್ಪಿ ಒಂಬತ್ತು ವರ್ಷ ಹಿಂದೆ ಹೋಯಿತು, ಮಹಾಯುದ್ಧದ ನಡುವಿನ ಧಾರಣೆ ಯುದ್ಧಪೂರ್ವದ್ದಾಯಿತು. ಮನೆಯವರ ಕೈಯಲ್ಲಿದ್ದಿದ್ದರೆ, ಅಥವಾ ಮನೆಯವರ ಎದುರು ಯಾರಾದರೂ ಬರೆದುಕೊಂಡಿದ್ದರೆ, ಈ ತಪ್ಪು ಆಗುತ್ತಿರಲಿಲ್ಲ.

ಕಾಯಿದೆ ಇಲ್ಲವೇ ಎಂದು ಕೇಳಿದರೆ, ಇದೆ. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯಿದೆ ಹೇಳುವ ಪ್ರಕಾರ ಚಾರಿತ್ರಿಕ, ಸಾಹಿತ್ಯಕ, ವೈಜ್ಞಾನಿಕ ಇಲ್ಲವೇ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆ 75 ವರ್ಷ ದಾಟಿದರೆ ಪುರಾತನ ವಸ್ತು. ಅದನ್ನು ದೇಶದಿಂದ ಆಚೆ ಒಯ್ಯುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. 1948ರ ಕಾಗದ 2023ಕ್ಕೆ ಆ ಗೆರೆ ದಾಟಿದೆ. ಆದರೆ ಮುನೀಮನೊಬ್ಬನ ಪತ್ರಕ್ಕೆ ‘ಚಾರಿತ್ರಿಕ ಮೌಲ್ಯ’ ಇದೆ ಎಂದು ರದ್ದಿ ಅಂಗಡಿಯಲ್ಲಿ ನಿಂತು ಹೇಳುವವರು ಯಾರು? ಸಾರ್ವಜನಿಕ ದಾಖಲೆಗಳ ಕಾಯಿದೆಗಳು, ಕೇಂದ್ರದ 1993ರದ್ದು ಮತ್ತು ನಮ್ಮ ರಾಜ್ಯದ್ದು, ಮುಖ್ಯವಾಗಿ ಸರಕಾರದ ಕಡತಕ್ಕಾಗಿ ಇರುವಂಥವು. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವಂತೂ ಫರ್ಮಾನು, ಕಂದಾಯ ಕಾಗದದಂಥವು ಹಸ್ತಪ್ರತಿಯಲ್ಲ, ‘ಜ್ಞಾನದ ವಿಷಯ’ ಇದ್ದರೆ ಮಾತ್ರ ಹಸ್ತಪ್ರತಿ ಎಂದು ವ್ಯಾಖ್ಯೆ ಮಾಡಿತು. ತಾಳೆಗರಿಯಲ್ಲಿ ವೈದ್ಯ, ಜ್ಯೋತಿಷ್ಯ, ವಚನ ಇದ್ದರೆ ಅದಕ್ಕೊಂದು ಮನೆಯಿದೆ. ಫ.ಗು. ಹಳಕಟ್ಟಿಯವರು ವಚನದ ಗರಿ ಹುಡುಕುತ್ತ ತಿರುಗಿದ ಕಾಲದಲ್ಲಿ ಆ ಗರಿಗಳಿಗೆ ಮನೆಮನೆಯ ದೇವರ ಜಗುಲಿಯಲ್ಲಿ ಪೂಜೆಯಾದರೂ ಆಗುತ್ತಿತ್ತು. ‘ಎಣ್ಣಿ, ಬೆಲ್ಲ, ದಾರ, ಸುಣ್ಣ’ಕ್ಕೆ ಪೂಜೆ ಯಾರು ಮಾಡುತ್ತಾರೆ? ಕಡತವೂ ಅಲ್ಲ, ಗ್ರಂಥವೂ ಅಲ್ಲ. ಎರಡು ಖಾನೆಯ ನಡುವೆ ಬಿದ್ದ ಟಪಾಲು ಅದು, ವಿಂಗಡಿಸುವವರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ದೊಡ್ಡವರ ಪತ್ರಕ್ಕಾದರೆ ಸರಕಾರವೇ ಓಡುತ್ತದೆ, ಓಡಬೇಕಾದ್ದೇ. ಗಾಂಧೀಜಿ ಮತ್ತು ಅವರ ದಕ್ಷಿಣ ಆಫ್ರಿಕಾದ ಗೆಳೆಯ ಕಾಲೆನ್‌ಬಾಕ್ ಅವರ ಪತ್ರ, ಕಾಗದಗಳು 2012ರಲ್ಲಿ ಲಂಡನ್ನಿನ ಹರಾಜಿಗೆ ಬಂದಾಗ ಭಾರತ ಸರಕಾರ ಹರಾಜಿಗೆ ಮೊದಲೇ ಸುಮಾರು 7 ಲಕ್ಷ ಪೌಂಡ್ ಕೊಟ್ಟು ಒಟ್ಟಾಗಿ ತಂದಿತು. ‘ಒಟ್ಟಾಗಿ’ ಎನ್ನುವುದನ್ನು ಗಮನಿಸಿ. ಬಿಡಿಬಿಡಿಯಾಗಿ ಹೋಗಿದ್ದರೆ ಪ್ರತಿಯೊಂದೂ ಒಂದು ಸಹಿ ಮಾತ್ರ. ಒಂದೆಡೆ ಇದ್ದಾಗ ಅದು ಇಬ್ಬರು ಗೆಳೆಯರ ಮಾತುಕತೆ. ನಮ್ಮ ಟ್ರಂಕಿಗೂ ಅದೇ ನ್ಯಾಯ. ಯಾರು ಯಾರದೋ ಆಲ್ಬಮ್ಮಿನಲ್ಲಿ ಈಗ ನಮ್ಮ ಮನೆಯ ಮುದ್ರೆಗಳಿವೆ, ಅಜ್ಜ–ಅಜ್ಜಿ ಇಲ್ಲ.

ಹಾಗಂತ ಹರಾಜು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಮಾರಬೇಡಿ ಎಂದು ಬಡವರಿಗೆ ಹೇಳುವ ಹಕ್ಕು ಪಿಂಚಣಿ ತಿನ್ನುವ ನನಗಿಲ್ಲ. ನಾನು ಕೇಳುವುದು ಇಷ್ಟು: ಮಾರುವ ಮುನ್ನ, ರದ್ದಿಗೆ ಹಾಕುವ ಮುನ್ನ, ಆ ಟ್ರಂಕು ಒಂದೇ ಒಂದು ವಾರ ಪತ್ರಾಗಾರದವರಾದ ನಿಮ್ಮ ಕೈಗೆ ಬರಲಿ. ನೀವು ಎಲ್ಲವನ್ನೂ, ಚೀಟಿ ಹಚ್ಚಿದ್ದನ್ನೂ ಹಚ್ಚದ್ದನ್ನೂ, ಇದ್ದ ಕ್ರಮದಲ್ಲೇ ಸ್ಕ್ಯಾನ್ ಮಾಡಿಕೊಂಡು ಮನೆಯವರಿಗೆ ವಾಪಸು ಕೊಡಿ. ಒಂದು ರಸೀದಿ, ಒಂದು ಪೆನ್‌ಡ್ರೈವ್ ಜೊತೆಗೆ. ಆಮೇಲೆ ಅವರು ಇಟ್ಟುಕೊಳ್ಳಲಿ, ಮಾರಲಿ, ಅದು ಅವರ ಮರ್ಜಿ. ಜನ ಕಾಗದ ಕೊಡಲು ಹೆದರುವುದು ಕೊಟ್ಟದ್ದು ಮರಳಿ ಬರುವುದಿಲ್ಲ ಎಂದು. ಹೊಲದ ವ್ಯಾಜ್ಯಕ್ಕೆ ಯಾರಾದರೂ ಬಳಸಿಯಾರು ಎಂಬ ಭಯವೂ ಇದೆ, ಆ ಭಯ ಸುಳ್ಳಲ್ಲ. ‘ಇದನ್ನು 30 ವರ್ಷ ಯಾರಿಗೂ ತೋರಿಸಬೇಡಿ’ ಎಂದು ಮನೆಯವರು ಹೇಳಿದರೆ ತೋರಿಸಬಾರದು. ನಮ್ಮತ್ತೆಯ ಪತ್ರದಂಥದ್ದಕ್ಕೆ ಆ ಬೀಗ ಬೇಕು. ಬ್ರಿಟಿಷ್ ಲೈಬ್ರರಿಯವರು ಅಳಿವಿನಂಚಿನ ದಾಖಲೆಗಳಿಗೆ 2004ರಿಂದ ನಡೆಸುವ ಯೋಜನೆಯಲ್ಲೂ ಮೂಲ ಕಾಗದ ಆಯಾ ದೇಶದಲ್ಲೇ ಉಳಿಯುತ್ತದೆ, ಪ್ರತಿ ಮಾತ್ರ ತೆಗೆಯುತ್ತಾರೆ. ಲಂಡನ್ನಿನವರಿಗೆ ತಿಳಿದದ್ದು ನಮಗೆ ತಿಳಿಯದ್ದೇನಲ್ಲ.

ಪತ್ರಾಗಾರ ಇಲಾಖೆಗೆ ಕಲಬುರಗಿಯಲ್ಲಿ ವಿಭಾಗೀಯ ಕಚೇರಿ ಇದೆ. ಹೊಸ ಕಟ್ಟಡ ಬೇಡ, ಶಂಕುಸ್ಥಾಪನೆಯ ಕಲ್ಲು ಬೇಡ. ಎರಡು ಒಳ್ಳೆಯ ಸ್ಕ್ಯಾನರ್, ಒಂದು ವ್ಯಾನು, ನಾಲ್ಕು ಜನ. ವ್ಯಾನು ತಿಂಗಳಿಗೊಮ್ಮೆ ಆಳಂದ, ಚಿಂಚೋಳಿ, ಸೇಡಂ, ಬಸವಕಲ್ಯಾಣ, ಔರಾದ, ಸುರಪುರ, ಶಹಾಪುರದ ಸಂತೆಯ ದಿನ ಹೋಗಿ ನಿಲ್ಲಲಿ. ಸಂತೆಗೆ ಬಂದ ಹೆಣ್ಣುಮಗಳು ಕಾಯಿಪಲ್ಲೆ ಚೀಲದ ಜೊತೆ ದಫ್ತರವನ್ನೂ ತಂದಾಳು. ಬಜೆಟ್ ಭಾಷಣಗಳಲ್ಲಿ ಮಂಡಳಿಗೆ 5,000 ಕೋಟಿ ಎಂದು ಕೇಳಿದ್ದೇವೆ. ಅದರಲ್ಲಿ ಇದಕ್ಕೆ ಬೇಕಾದದ್ದು ರಸ್ತೆಯ ಒಂದು ತಿರುವಿನ ಡಾಂಬರಿನಷ್ಟು. ಮನೆಯವರು ಮಾರಲೇಬೇಕೆಂದು ಬಂದರೆ ಹರಾಜಿನ ಧಾರಣೆಯಲ್ಲೇ ಇಡೀ ಟ್ರಂಕನ್ನು ಒಂದೇ ಲಾಟಾಗಿ ಕೊಳ್ಳುವ ಸಣ್ಣ ನಿಧಿಯೂ ಇರಲಿ. ಕವರಿಗೆ ಬೆಲೆ ಕಟ್ಟುವವರು ಕೈಚೀಟಿಗೂ ಕಟ್ಟಲಿ.

ಯಂತ್ರ ತಂದರೂ ಓದುವ ಕಣ್ಣು ಸಿಗುವುದು ಕಷ್ಟ, ಅದೇ ನನ್ನ ದೊಡ್ಡ ಚಿಂತೆ. ಮೋಡಿ ಓದುವವರು ನಮ್ಮ ಕಡೆ ಬೆರಳೆಣಿಕೆ, ಅವರಲ್ಲೂ ಹೆಚ್ಚಿನವರು ನನಗಿಂತ ಹಿರಿಯರು. ಶಿಕಸ್ತಾ ಎಂಬ ಓಟದ ಕೈಬರಹದ ಉರ್ದು ಬಲ್ಲವರು ಕೋರ್ಟಿನ ಆಸುಪಾಸು ಹೊಲದ ಕಾಗದ ತರ್ಜುಮೆ ಮಾಡಿ ಬದುಕುತ್ತಿದ್ದಾರೆ. ಪುಟಕ್ಕಿಷ್ಟು ಎಂದು ಅವರಿಗೆ ಧಾರಾಳ ರೇಟು ಇದೆ, ಇರಲಿ. ಅವರನ್ನೇ ಗುರುಗಳೆಂದು ಕರೆಸಿ, ಗುಲಬರ್ಗಾ ವಿಶ್ವವಿದ್ಯಾಲಯದಿಂದ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಿಂದ ಹತ್ತು ಹತ್ತು ಹುಡುಗ ಹುಡುಗಿಯರನ್ನು ಆರಿಸಿ, ವಿದ್ಯಾರ್ಥಿವೇತನ ಕೊಟ್ಟು ಎರಡು ವರ್ಷ ಕಲಿಸಿ. ಹತ್ತು ವರ್ಷ ಬಿಟ್ಟು ಕಲಿಸುತ್ತೇವೆಂದರೆ ಕಲಿಸುವವರು ಇರುವುದಿಲ್ಲ.

ಬಂಧುಗಳೇ, ಸರಕಾರ ಉತ್ತರ ಕೊಡುವವರೆಗೆ ನಿಮ್ಮಲ್ಲಿ ಒಂದೆರಡು ಕೋರಿಕೆ. ಚೀಟಿಯ ಆಸೆಗೆ ಲಕೋಟೆ ಕತ್ತರಿಸಬೇಡಿ, ಲಕೋಟೆಯಿಂದ ಕಾಗದ ಬೇರೆ ಮಾಡಬೇಡಿ. ತಂತಿಯಿಂದ ತೆಗೆಯುವುದಾದರೆ ಅದೇ ಕ್ರಮದಲ್ಲಿ ತೆಗೆದು ಮೂಲೆಯಲ್ಲಿ ಪೆನ್ಸಿಲಿನಿಂದ ನಂಬರ್ ಹಾಕಿ. ಪೆನ್ನು ಬೇಡ, ಸೆಲ್ಲೋಟೇಪು ಬೇಡ, ಲ್ಯಾಮಿನೇಶನ್ ದಮ್ಮಯ್ಯ ಬೇಡ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ‘ಈ ಬಾಬು ಯಾರು, ಈ ಊರು ಯಾವುದು’ ಎಂದು ಕೇಳಿ ಫೋನಿನಲ್ಲಿ ದನಿ ಹಿಡಿದಿಡಿ. ನಾನು ಅವ್ವನನ್ನು ಕೇಳಲಿಲ್ಲ. ರೊಟ್ಟಿ ಗಂಟಿನ ಮಾತು ಅವಳು ತಾನಾಗಿಯೇ ಹೇಳಿದ್ದು, ನಾನು ಕೇಳಿದ್ದರಿಂದ ಅಲ್ಲ.

ಕೊನೆಯದಾಗಿ ಒಂದು ವ್ಯವಹಾರದ ಮಾತು. ಮುಂದಿನ ತಿಂಗಳು ಬ್ರಹ್ಮಪುರದಲ್ಲಿರುವ ನನ್ನ ಹೆಂಡತಿಯ ತವರುಮನೆ ಕೆಡವುತ್ತಾರೆ. ಅಲ್ಲಿಯೂ ಒಂದು ಟ್ರಂಕು ಇದೆ. ಹೋದ ವಾರ ತೆಗೆದು ನೋಡಿದೆ: ಮೇಲೆ ಮದುವೆಯ ಲಗ್ನಪತ್ರಿಕೆಗಳು, ಕೆಳಗೆ ಅರಿಶಿಣದ ಬಟ್ಟೆಯಲ್ಲಿ ಸುತ್ತಿದ ಗಂಟು, ಅದರೊಳಗೆ ತಂತಿ. ಮತ್ತೆ ಮುಚ್ಚಿ ಬೀಗ ಹಾಕಿದ್ದೇನೆ. ಅಳಿಯನ ಮಾತಿಗೆ ಆ ಮನೆಯಲ್ಲಿ ಇನ್ನೂ ಬೆಲೆಯಿದೆ, ರದ್ದಿಯವನನ್ನು ಒಂದು ತಿಂಗಳು ತಡೆದು ನಿಲ್ಲಿಸಿದ್ದೇನೆ. ಬೀಗದ ಕೈ ನನ್ನ ಜೇಬಿನಲ್ಲಿದೆ. ಎಲ್ಲಿಗೆ ತರಬೇಕು, ಯಾವ ದಿನ ತರಬೇಕು, ತಿಳಿಸಿ.

ಇಂತಿ ನಿಮ್ಮ ವಿಧೇಯ,
ನಿವೃತ್ತ ಅಂಚೆ ವಿಂಗಡಕ,
ಕಲಬುರಗಿ